ಗಾಡಿಗೆ ಬಂದ ಆಹೇರ

ಅಪ್ಪಾಸಾಹೇಬರ ಪಿಕಪ್ ಸಿಟ್ಟಿನ ಗಾಡಿ ಎಂದು ಗಡಿಯ ಹಳ್ಳಿ ಸನಮಡಿಯಲ್ಲಿ ಹೆಸರಾಗಿತ್ತು. ಏರು ಕಂಡರೆ ಕುದಿಯುತ್ತಿತ್ತು, ಬಿಸಿಲು ಕಂಡರೆ ಕುದಿಯುತ್ತಿತ್ತು, ದಾಳಿಂಬೆಯ ಕ್ರೇಟು ನಾಲ್ಕು ಹೆಚ್ಚಾದರಂತೂ ಅಂಗಳ ದಾಟುವ ಮೊದಲೇ ಕುದಿಯುತ್ತಿತ್ತು. ಕುದ್ದಾಗಲೆಲ್ಲ ಬಾನೆಟ್ ಎತ್ತುವುದು, ಹತ್ತಿರದ ಬೋರಿನಿಂದ ಒಂದು ಕೊಡ ನೀರು ತಂದು ರೇಡಿಯೇಟರಿಗೆ ಕುಡಿಸುವುದು, ಅದು ತಣ್ಣಗಾಗುವ ತನಕ ಜಾಲಿಯ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕುವುದು. ಆ ಮನೆಯಲ್ಲಿ ಡ್ರೈವಿಂಗ್ ಅಂದರೆ ಇದೇ. ಬೋರಿನ ನೀರೋ, ಎಷ್ಟು ಸಾಬೂನು ತಿಕ್ಕಿದರೂ ನೊರೆ ಬರಲು ನಾಚುವಂಥ ನೀರು. ಬಚ್ಚಲ ಹಂಡೆಯ ತಳದಲ್ಲಿ ಬೆರಳು ದಪ್ಪ ಸುಣ್ಣ ಕಟ್ಟುತ್ತಿತ್ತು. ಹಂಡೆಯನ್ನಾದರೆ ಕೆರೆಯಬಹುದು, ರೇಡಿಯೇಟರಿನ ಹೊಟ್ಟೆಯೊಳಗೆ ಯಾರು ಕೈ ಹಾಕುತ್ತಾರೆ?

ಕೈ ಹಾಕಿದವನು ಮಗ ಈಶ್ವರ. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ, ಗಾಡಿ ತಣಿಯುವಷ್ಟು ತಾಳ್ಮೆಯಿಲ್ಲದೆ ಮುಚ್ಚಳ ತಿರುವಿದ. ಒಳಗಿದ್ದದ್ದೆಲ್ಲ ಹೊರಗೆ ಚಿಮ್ಮಿ ಬಲಗೈ ಮೊಣಕೈತನಕ ಬೊಬ್ಬೆ ಎದ್ದಿತು. ಜತ್ತದ ಡಾಕ್ಟರು ಪಟ್ಟಿ ಸುತ್ತಿ, ಕೈ ಮಾಯುವ ತನಕ ಸ್ಟೇರಿಂಗ್ ಮುಟ್ಟಕೂಡದೆಂದರು. ತೋಟದಲ್ಲಿ ಹಣ್ಣು ಕೆಂಪಾಗಿ ಬಾಯಿ ಬಿಡುವ ಹೊತ್ತು, ಓಡಿಸುವವನ ಕೈ ಕೆಂಪಾಗಿ ಮಂಚ ಹಿಡಿದಿತ್ತು.

ಆಗ ಸೊಸೆ ರೂಪಾಲಿ ಮುಂದೆ ಬಂದಳು. ಯಳವಿಯ ಹುಡುಗಿ, ಜತ್ತದ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದವಳು. ತವರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಹೊಡೆದು ಕಲಿತವಳು. ಲೈಸನ್ಸು ಮದುವೆಗೆ ಮುಂಚೆಯೇ ಮಾಡಿಸಿಕೊಂಡಿದ್ದಳು. ಮದುವೆಯಾದ ಮೇಲೆ ಅದು ಕಪಾಟಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಪಿಕಪ್ಪಿನ ಕೀಲಿ ಮಲಗಿದ್ದದ್ದು ಅಪ್ಪಾಸಾಹೇಬರ ಉಡದಾರದಲ್ಲಿ.

"ಮಾಮಾ, ಕೀಲಿ ಕೊಡ್ರಿ. ನಾ ಹೊಡೀತೀನಿ," ಅಂದಳು. ಸಂಜೆ ಹಾಲು ಹಾಕಲು ಬಂದ ಮಂದಿ ಅಂಗಳದಲ್ಲಿ ನಿಂತಿದ್ದರು.

"ನೀನು?" ಅಪ್ಪಾಸಾಹೇಬರು ಮಂದಿಯ ಕಡೆ ನೋಡಿದರು. "ಗಂಡಸರು ಹೊಡದ್ರನ ಕುದೀತೈತಿ. ಹೆಣಮಗಳು ಕುಂತ್ರ ಹಾರೇ ಹೋಗ್ತೈತಿ."

"ಗಾಡಿಗಿ ಮ್ಯಾಲ ಯಾರ ಕುಂತಾರ ಗೊತ್ತಾಗಂಗಿಲ್ರಿ ಮಾಮಾ. ಒಳಗ ಏನ ಹಾಕ್ಯಾರ, ಅದಷ್ಟ ಗೊತ್ತಾಗ್ತೈತಿ."

ಮಂದಿ ನಕ್ಕರು. ನಕ್ಕದ್ದು ಯಾರ ಪರವಾಗಿ ಎಂದು ತಿಳಿಯದೆ ಅಪ್ಪಾಸಾಹೇಬರು ಎದ್ದು ನಿಲ್ಲಬೇಕಾಯಿತು. "ಆತು ನೋಡ್ರಿ, ಎಲ್ಲಾರೂ ಕೇಳ್ರಿ. ಬೇಸ್ತವಾರ ಆಟಪಾಡಿ ಹಣ್ಣಿನ ಹರಾಜಿಗಿ ಮಾಲ ಒಯ್ಯೂದೈತಿ. ಇಲ್ಲಿಂದ ಅಲ್ಲಿ ಮುಟ್ಟೂತನಕ ಒಮ್ಮಿನೂ ಕುದಿಲಿಲ್ಲ ಅಂದ್ರ ಕೀಲಿ ಕಾಯಂ ನಿಂದು. ಕುದೀತೋ, ಮತ್ತ ಈ ಮನ್ಯಾಗ ಕೀಲಿ ಹೆಸರ ತಗೀಬ್ಯಾಡ."

"ಆತ್ರಿ," ಅಂದಳು ರೂಪಾಲಿ, ಇಷ್ಟು ಸುಲಭಕ್ಕೆ ಸಿಕ್ಕಿತಲ್ಲ ಅನ್ನುವವಳ ಹಾಗೆ.

ಮರುದಿನವೇ ಜತ್ತಕ್ಕೆ ಹೋದಳು. ಬಸ್ ಸ್ಟ್ಯಾಂಡಿನ ಹಿಂದೆ ಶಿವಯೋಗೆಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿ. ಶಿವಯೋಗೆಪ್ಪನ ಮಾತು ಮರಾಠಿಯಲ್ಲಿ ಹತ್ತಿ ಕನ್ನಡದಲ್ಲಿ ಇಳಿಯುತ್ತದೆ. ಟಿಕೇಟು ಮಾತ್ರ ಎರಡೂ ಕಡೆಯದು ಹರಿಯುತ್ತಾನೆ.

"ಬೋಲಾ ತಾಯಿ, ಕುಠಲಾ ಕಲರ್ ಕೊಡ್ಲಿ?"

"ಕಲರ್ ಬ್ಯಾಡ್ರಿ. ಕೂಲಂಟ್ ಬೇಕು."

"ಕೂಲಂಟ್‌ದ್ದ ಹೇಳಾಕತ್ತೀನಿ. ಹಸಿರ ಐತಿ, ಕೆಂಪ ಐತಿ, ನೀಲಿ ಐತಿ. ಮಂದಿ ಗಾಡಿ ಬಣ್ಣಕ್ಕ ಮ್ಯಾಚಿಂಗ್ ಒಯ್ತಾರ."

"ಸೀರಿಗಿ ಕುಪ್ಪಸ ಒಯ್ದಂಗ?"

"ಹುಬೇಹೂಬ್!"

ರೂಪಾಲಿ ಮೊಬೈಲು ತೆಗೆದು, ಗಾಡಿಯ ಜೊತೆ ಕಂಪನಿ ಕೊಟ್ಟ ಪುಸ್ತಕದ ಒಂದು ಪುಟದ ಫೋಟೋ ತೋರಿಸಿದಳು. "ಬಣ್ಣ ಯಾವದರೆ ಇರ್ಲಿ. ಒಬ್ಬ ಕಂಪನಿಯಾಂವ ಹಸಿರ ಹಾಕ್ತಾನ, ಇನ್ನೊಬ್ಬ ಅದಕ್ಕ ಕೆಂಪ ಹಾಕ್ತಾನ. ಬಣ್ಣದಾಗ ಏನಿಲ್ಲ. ನಮ್ಮ ಇಂಜಿನ್ನಿಗಿ ಸಿಲಿಕೇಟ್ ಇಲ್ಲದ್ದು, ಆರ್ಗ್ಯಾನಿಕ್ ಆಸಿಡ್ ಜಾತೀದು ಬೇಕು. ಡಬ್ಬಿ ಬೆನ್ನಮ್ಯಾಲ ಈ ನಂಬರ್ ಇರಬೇಕು."

ಶಿವಯೋಗೆಪ್ಪ ಚಷ್ಮಾ ಏರಿಸಿ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿದ. ಇಷ್ಟು ವರ್ಷ ಅವುಗಳ ಮುಖ ನೋಡಿ ಮಾರಿದವನು ಬೆನ್ನು ನೋಡಿದ್ದು ಇದೇ ಮೊದಲು. ಕೊನೆಗೆ ಒಂದು ಕೆಂಪು ಡಬ್ಬಿಯ ಬೆನ್ನಲ್ಲಿ ಆ ನಂಬರು ಸಿಕ್ಕಿತು. ಅದರ ಕೆಳಗೆ ಬರೆದದ್ದನ್ನೂ ಓದಿ ಅವನಿಗೆ ನಗು ತಡೆಯಲಾಗಲಿಲ್ಲ.

"ಮೈನಸ್ ಮೂವತ್ತೇಳ ಡಿಗ್ರಿತನಕ ಗಡ್ಡಿ ಕಟ್ಟಂಗಿಲ್ಲಂತ ತಾಯಿ! ಜತ್ತದಾಗ ಬರ್ಫ ಬಿತ್ತಂದ್ರ ಪೂರಾ ತಾಲೂಕ ಥಂಡಗಾರ. ಎಮ್ಮೆಲ್ಲೆ ಗಾಡಿ ಬಂದ್, ತಹಸೀಲ್ದಾರ ಗಾಡಿ ಬಂದ್. ನೀವ ಒಬ್ಬರ ಆಟಪಾಡಿಗಿ ಹೊಂಟಿರ್ತೀರಿ." ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

"ಗಡ್ಡಿ ಕಟ್ಟಲಾರದಂಗ ಮಾಡೂದ, ಲಗೂನ ಕುದಿಲಾರದಂಗೂ ಮಾಡ್ತೈತ್ರಿ. ತುಕ್ಕ ಹಿಡ್ಯಂಗಿಲ್ಲ, ಸುಣ್ಣಾ ಕಟ್ಟಂಗಿಲ್ಲ. ಇದು ಹಂಗ ಹಾಕೂದೋ, ನೀರ ಕೂಡ್ಸೂದೋ?"

"ನೀರ ಕೂಡ್ಸೂದು. ಅರ್ಧಕ್ಕರ್ಧ. ಮನ್ಯಾಗ ನೀರ ಐತೆಲ್ಲ?"

"ನಮ್ಮನಿ ನೀರ ಹಾಕಿದ್ರ ಎರಡ ತಿಂಗಳಿಗಿ ಮತ್ತ ನಿಮ್ಮ ಅಂಗಡಿಗಿ ಬರಬೇಕಾಗ್ತೈತಿ."

"ಅದಕ್ಕ ಹೇಳಿದ್ನಿ, ಮನಿ ನೀರ ಹಾಕ್ರಿ ಅಂತ."

ರೂಪಾಲಿ ನಕ್ಕು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಕ್ಯಾನು ಎತ್ತಿಕೊಂಡಳು. ಹೊರಡುವಾಗ ಒಂದು ಉಪದೇಶವನ್ನೂ ಕೊಟ್ಟಳು. "ಎರಡ ಜಾತಿ ಕೂಲಂಟ್ ಎಂದೂ ಕೂಡ್ಸಬಾರದ್ರಿ. ಕೂಡಿದ್ರ ಅಂಬಲಿ ಆಗಿ ಕೊಳವಿ ಕಟ್ಟತೈತಿ. ಗಿರಾಕಿಗೋಳಿಗಿ ಹೇಳ್ರಿ."

"ಹೇಳ್ತೀನಿ ತಾಯಿ," ಅಂದ ಶಿವಯೋಗೆಪ್ಪ. ಕೂಡಿಸಬಾರದೆಂದು ಆಕೆಗೆ ಗೊತ್ತಿತ್ತು ಅನ್ನುವುದಕ್ಕೆ ಅವನೇ ಸಾಕ್ಷಿ.

ಮೇಸ್ತ್ರಿ ರೇವಣ್ಣ ಗಾಡಿಯ ಹೊಟ್ಟೆ ತೊಳೆದ. ಮೊದಲು ಸುಣ್ಣದ ತಿಳಿ ಬಂತು, ಆಮೇಲೆ ತುಕ್ಕಿನ ಕೆಂಪು, ಆಮೇಲೆ ಯಾರೋ ಯಾವಾಗಲೋ ಸೋರಿಕೆ ನಿಲ್ಲಲೆಂದು ಹಾಕಿದ ಅರಿಸಿನ. ನೀರು ತಿಳಿಯಾಗುವ ತನಕ ತೊಳೆದು, ಹೊಸ ಕೆಂಪು ದ್ರವವನ್ನು ಅಳತೆಯಲ್ಲಿ ತುಂಬಿ, ಗಾಳಿ ಬಿಡಿಸಿ ಮುಚ್ಚಳ ಹಾಕಿದ. ರೂಪಾಲಿ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಣಿಕೋಣೂರಿನ ತನಕ ಹೋಗಿ ಬಂದಳು. ಬಿಸಿಯ ಮುಳ್ಳು ಅರ್ಧಕ್ಕೆ ಬಂದು, ಉಂಡು ಒರಗಿದ ಬೀಗರ ಹಾಗೆ ಅಲ್ಲೇ ಕೂತುಬಿಟ್ಟಿತು. ಅಪ್ಪಾಸಾಹೇಬರು ದಾರಿಯುದ್ದಕ್ಕೂ ಮುಳ್ಳನ್ನೇ ನೋಡುತ್ತಿದ್ದರು. ಅದು ಏಳದೆ ಇದ್ದದ್ದಕ್ಕೆ ಅವರಿಗೆ ಸಂತೋಷವಾಯಿತು ಎಂದು ಹೇಳಿದರೆ ಸುಳ್ಳಾದೀತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ಆಹೇರ ಎಂಬ ಒಂದು ಪದ್ಧತಿ ಇದೆ. ಮದುವೆ, ಗೃಹಪ್ರವೇಶ, ಬಾಣಂತನ ಏನೇ ಆಗಲಿ, ನೆಂಟರು ಸೀರೆಯನ್ನೋ ಟೋಪಿ ಟವೆಲ್ಲನ್ನೋ ತರುತ್ತಾರೆ. ಬೇಡ ಅನ್ನುವಂತಿಲ್ಲ. ಪೆಟ್ಟಿಗೆಯಲ್ಲಿ ಇಡುತ್ತೇನೆ ಅನ್ನುವಂತೆಯೂ ಇಲ್ಲ. ಕೊಟ್ಟವರ ಕಣ್ಣೆದುರೇ ಮೈಮೇಲೆ ಹಾಕಿಕೊಳ್ಳಬೇಕು, ಅದು ಅವರ ಮಾನ. ತಂಗಿಯ ಮಗನ ಲಗ್ನದಲ್ಲಿ ಅಪ್ಪಾಸಾಹೇಬರು ಒಂದರ ಮೇಲೊಂದು ಐದು ಗಾಂಧಿ ಟೋಪಿ ಹಾಕಿಕೊಂಡು ಊಟಕ್ಕೆ ಕೂತಿದ್ದರು. ಪಂಕ್ತಿಯ ಆ ತುದಿಯಿಂದ ನೋಡಿದವರಿಗೆ ಗೋಪುರ ಕಂಡಿತ್ತು. ಯಾರಿಗೂ ಇಲ್ಲ ಅನ್ನದ ಮನುಷ್ಯ ಅವರು. ಆ ಮಾತನ್ನು ಮನೆಯ ಹೆಂಗಸರಿಗಾಗಿ ಉಳಿಸಿಟ್ಟಿದ್ದರು.

ಈಶ್ವರನ ಕೈ ಸುಟ್ಟ ಸುದ್ದಿ ಹಬ್ಬಿತು. ಹಣ್ಣು ಬಿಸ್ಕೀಟು ಹಿಡಿದು ಮಾತಾಡಿಸಲು ಬರುವುದು ಹಳೆಯ ರೀತಿ. ಆದರೆ ಸುಟ್ಟದ್ದು ಕೈಯಾದರೂ ಬೇನೆ ಇದ್ದದ್ದು ಗಾಡಿಗೆ ಎಂದು ನೆಂಟರು ಸರಿಯಾಗಿಯೇ ತಿಳಿದುಕೊಂಡರು. ಸೋಮವಾರ ಬೆಳಿಗ್ಗೆ ಅಪ್ಪಾಸಾಹೇಬರ ಅಕ್ಕ ಸಾವಿತ್ರೆವ್ವ, ಆಕೆಯ ಗಂಡ ಶಂಕರೆಪ್ಪ ಬಂದಿಳಿದರು. ಶಂಕರೆಪ್ಪನ ಕೈಯಲ್ಲಿ ಹಸಿರು ಕೂಲಂಟಿನ ಡಬ್ಬಿ, ಡಬ್ಬಿಗೆ ಕುಂಕುಮ.

ಶಂಕರೆಪ್ಪ ಪ್ರಾಯದಲ್ಲಿ ಯಾರದೋ ಲಾರಿಯನ್ನು ಸೊಲ್ಲಾಪುರಕ್ಕೆ ಎರಡು ಸಲ ಒಯ್ದು, ಒಂದು ಸಲ ವಾಪಸ್ ತಂದಿದ್ದ. ಅಂದಿನಿಂದ ವಾಹನಗಳ ವಿಷಯದಲ್ಲಿ ಅವನ ಮಾತೇ ಕೊನೆ.

"ಕೆಂಪ ಹಾಕೀರಿ?" ಬಾನೆಟ್ಟಿನೊಳಗೆ ಇಣುಕಿ ಲೊಚಗುಟ್ಟಿದ. "ಕೆಂಪ ಅಂದ್ರ ಖಾರಾ. ಬೆಂಕಿಗಿ ಬೆಂಕಿ ಸುರದಂಗ ಆತು. ಹಸಿರ ಅಂದ್ರ ತಂಪು. ಗಿಡಾ ಹಸಿರ ಇರ್ತೈತಿ, ನೆಳ್ಳ ತಂಪ ಇರ್ತೈತಿ. ಇದರಾಗ ಕಾಲೇಜ ಕಲಿಯೂದ ಏನೈತಿ?"

"ಟಾಕಿ ತುಂಬೇತ್ರಿ ಕಾಕಾ, ಜಾಗಾ ಇಲ್ಲ," ಅಂದಳು ರೂಪಾಲಿ.

ಸಾವಿತ್ರೆವ್ವ ಹರಾಜಿನ ದಲಾಲಿಯ ಹಾಗೆ ಉಸಿರು ತೆಗೆದುಕೊಳ್ಳದೆ ಮಾತಾಡುವವಳು. "ಸೀರಿ ಉಟ್ಟಾಕಿಗಿ ಇನ್ನೊಂದ ಸೀರಿ ತಂದ್ರ ಮ್ಯಾಲ ಹೊಚ್ಚಂಗಿಲ್ಲೇನ ನಮ್ಮವ್ವಾ? ನಾ ಉಟ್ಟೀನಿ, ಒಲ್ಲೆ, ಒಯ್ಯಿ ಅಂತಾರೇನ?"

ರೂಪಾಲಿ ಒಳಗೆ ಹೋಗಿ ಹೊಸ ಟವೆಲ್ ತಂದು, ಡಬ್ಬಿಯನ್ನು ಅದರಲ್ಲಿ ಕಟ್ಟಿ, ಗಾಡಿಯ ಮೂತಿಗೆ ನಡುಮಧ್ಯೆ ತೂಗುಹಾಕಿದಳು. ಮೇಲೊಂದು ದಾಸವಾಳ. "ನೋಡ್ರಿ ಅತ್ಯಾ, ಹೊಚ್ಚೀನಿ. ಎಲ್ಲಾರಿಗೂ ಕಾಣೂ ಜಾಗಾ."

ಸಾವಿತ್ರೆವ್ವ ನೋಡಿದಳು. "ಲಗ್ನದಾಗ ನಾ ಕೊಟ್ಟ ಇಳಕಲ್ ಸೀರೀನೂ ಹಿಂಗ ಗ್ವಾಡಿಗಿ ಮೊಳಿ ಹೊಡದ ನೇತ ಹಾಕೀದ್ಯೇನ?" ಅಂದಳಾದರೂ, ದಾಸವಾಳ ಕಂಡು ಅರ್ಧ ಸೋತಳು. ಚಹಾ ಬಂತು. ಮಂಚದ ಮೇಲಿದ್ದ ಈಶ್ವರ ಗೋಡೆಯ ಕಡೆ ತಿರುಗಿ ಅತ್ತೆಯ ದನಿಯಲ್ಲೇ, "ಗ್ವಾಡಿಗಿ ಮೊಳಿ ಹೊಡದಾಳ, ಬಾಯಿಗಿ ಬೀಗಾ ಹಾಕ್ಯಾಳ," ಎಂದು ಗುನುಗಿದ. ಗೆದ್ದೆ ಅಂದುಕೊಂಡಳು ರೂಪಾಲಿ.

ಬಾಯಿಗೆ ಬೀಗ ಹಾಕಬಹುದು, ಬೀಗರಿಗೆ ಹೇಗೆ ಹಾಕುತ್ತೀರಿ? ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಯಳವಿಯಿಂದ ರೂಪಾಲಿಯ ಅಪ್ಪ ಅಮೋಘಸಿದ್ದಪ್ಪ ಬಂದರು. ಮಾತು ಕಡಿಮೆ, ದನಿ ಇನ್ನೂ ಕಡಿಮೆ. ಬಗಲಲ್ಲಿ ಟವೆಲ್ ಸುತ್ತಿದ ಗಂಟು, ಗಂಟಿನಲ್ಲಿ ನೀಲಿ ಡಬ್ಬಿ. ಸಾಂಗ್ಲಿಗೆ ಹೋಗಿ, ಅಲ್ಲಿ ಸಿಕ್ಕವರನ್ನೆಲ್ಲ ಕೇಳಿ, ದೊಡ್ಡ ಗಾಡಿಯವರು ಇದನ್ನೇ ಹಾಕುತ್ತಾರೆಂದು ಖಾತ್ರಿ ಮಾಡಿಕೊಂಡು, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು.

"ನಮ್ಮ ರೂಪಾ ಗಾಡಿ ಹೊಡ್ಯಾಕಿ ಆಗ್ಯಾಳಂತ ಯಳವ್ಯಾಗ ಎಲ್ಲಾರಿಗೂ ಹೇಳೀನ್ರಿ ಬೀಗರ," ಎಂದು ಅಪ್ಪಾಸಾಹೇಬರಿಗೆ ಹೇಳಿದರು. ಆಮೇಲೆ ಮಗಳ ಕಡೆ ತಿರುಗಿ, ಗಾಡಿಯ ಮೂತಿಗೆ ಜೋತ ಹಸಿರು ಡಬ್ಬಿ ನೋಡಿದರು. "ಇಲ್ಲೇ ಕಟ್ಟೂದೇನವ್ವಾ? ಕಟ್ಟ, ಕಟ್ಟ. ಬಾಜೂಕ ಜಾಗಾ ಐತೆಲ್ಲ."

ಅವರು ಜಗಳ ಮಾಡಿದ್ದರೆ ರೂಪಾಲಿ ಗೆಲ್ಲುತ್ತಿದ್ದಳು. ಸಿಲಿಕೇಟ್, ಆಸಿಡ್, ಅಂಬಲಿ ಎಲ್ಲ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅಪ್ಪ ಟವೆಲ್ಲಿನ ಗಂಟು ಬಿಚ್ಚಿ, ಡಬ್ಬಿಯ ಮೇಲಿನ ಧೂಳು ಒರೆಸಿ, ಎಲ್ಲಿ ಕಟ್ಟಿದರೆ ಯಾರಿಗೂ ಅಡ್ಡವಾಗುವುದಿಲ್ಲ ಎಂದು ಹುಡುಕುತ್ತಾ ನಿಂತಿದ್ದರು. ರೂಪಾಲಿಯ ಕೈ ತಾನಾಗಿಯೇ ಬಾನೆಟ್ ಎತ್ತಿತು.

"ಒಂದ ಗುಟುಕ ಹಾಕ್ತೀನಪಾ," ಅಂದಳು. "ನೀ ನೋಡಿ ಹೋಗಂತ."

"ಆಹಾ!" ಸಾವಿತ್ರೆವ್ವ ಎದ್ದಳು. "ಅಪ್ಪಂದ ಹೊಟ್ಟಿಗಿ, ನಮ್ದ ಹಣಿಗಿ! ಅಪ್ಪಾಸಾಬಾ, ನೋಡಿದ್ಯಾ ನಿನ್ನ ಸೊಸಿ ನ್ಯಾಯ?"

ಅಪ್ಪಾಸಾಹೇಬರು ನೋಡಿದರು. ಒಂದು ಕಡೆ ಅಕ್ಕ, ಒಂದು ಕಡೆ ಬೀಗರು. ತಾಪಮಾನ ಎಂಬ ಮಾತಿನಲ್ಲಿ ತಾಪ ಎಷ್ಟೋ ಮಾನವೂ ಅಷ್ಟೇ ಎಂದು ಅವರಿಗೆ ಆ ಗಳಿಗೆಯಲ್ಲಿ ತಿಳಿಯಿತು. "ಎರಡೂ ಹಾಕು," ಅಂದರು. "ಸಮ ಸಮ."

"ಮಾಮಾ, ಕುದೀತೈತ್ರಿ ಗಾಡಿ."

"ಗಾಡಿ ಕುದ್ರ ನೀರ ಹಾಕಬಹುದು. ನಮ್ಮಕ್ಕ ಕುದ್ರ ಏನ ಹಾಕ್ಲಿ?"

ಜಾಗ ಮಾಡುವ ಕೆಲಸವನ್ನು ಶಂಕರೆಪ್ಪ ವಹಿಸಿಕೊಂಡ. ಗಾಡಿಯ ಕೆಳಗೆ ನುಸುಳಿ ತೂಬು ಬಿಚ್ಚಿದ. ಅಳತೆ ಮಾಡಿ ತುಂಬಿದ್ದ ಕೆಂಪು ದ್ರವ ಬಕೀಟಿಗೆ ಸುರಿಯಿತು. "ಎಷ್ಟ ತಗದ್ರಿ ಕಾಕಾ?" ಎಂದು ರೂಪಾಲಿ ಕೂಗಿದರೆ, "ಇಬ್ಬರ ಮಾನಾ ಹಿಡ್ಯಾಷ್ಟು," ಎಂದು ಕೆಳಗಿನಿಂದ ಉತ್ತರ ಬಂತು. ಹಸಿರು ಡಬ್ಬಿ ಖಾಲಿಯಾಯಿತು, ನೀಲಿ ಡಬ್ಬಿ ಖಾಲಿಯಾಯಿತು. ನೀಲಿಯನ್ನು ರೂಪಾಲಿ ತನ್ನ ಕೈಯಾರೆ ಸುರಿದಳು. ಅಮೋಘಸಿದ್ದಪ್ಪ ಕೊನೆಯ ಹನಿ ಬೀಳುವ ತನಕ ನೋಡಿ, ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. ಅವರ ಮುಖದ ಸಮಾಧಾನ ನೋಡಿದ ಯಾವ ಕೆಮಿಸ್ಟ್ರಿಯ ಮಾಸ್ತರನಾದರೂ ಹಾಗೇ ಸುರಿಯುತ್ತಿದ್ದ.

ನೆಂಟರು ಹೋದ ಕೂಡಲೇ ರೇವಣ್ಣನನ್ನು ಕರೆಸಿ ಎಲ್ಲ ಚೆಲ್ಲಿಸಿ ಹೊಸದು ತುಂಬಿಸುವುದು ರೂಪಾಲಿಯ ಎಣಿಕೆ. ನೆಂಟರು ಹೋಗಲಿಲ್ಲ. "ಬೇಸ್ತವಾರ ಹೆಂಗೂ ಗಾಡಿ ಆಟಪಾಡಿಗಿ ಹೊಂಟೈತಿ," ಅಂದಳು ಸಾವಿತ್ರೆವ್ವ. ಅಲ್ಲಿ ಆಕೆಯ ಮಗಳ ಮನೆ. ಬೀಗರನ್ನೂ ಅಪ್ಪಾಸಾಹೇಬರು ಬಿಡಲಿಲ್ಲ, ಯಳವಿಯಲ್ಲಿ ಇಳಿಸಿದರಾಯಿತು. ಶಂಕರೆಪ್ಪನಂತೂ ತನ್ನ ಹಸಿರಿನ ಪ್ರತಾಪ ನೋಡಲೇಬೇಕೆಂದು, ಬೇವಿನ ಕೆಳಗೆ ಗಾಡಿಯ ಮೂತಿಗೇ ಮಂಚ ತಾಗಿಸಿಕೊಂಡು ಕಾವಲು ಕೂತ. ಅವನು ಊಟಕ್ಕೆ ಎದ್ದಾಗ ಅಲ್ಲಿ ಸಾವಿತ್ರೆವ್ವ ಅಡಿಕೆ ಕತ್ತರಿಸುತ್ತಿದ್ದಳು.

ಬೇಸ್ತವಾರ ಕ್ರೇಟು ಹೇರಿ ಹೊರಟರು. ಮುಂದೆ ರೂಪಾಲಿ, ನಡುವೆ ಸಾವಿತ್ರೆವ್ವ, ಬಾಗಿಲ ಬದಿಗೆ ಅಪ್ಪಾಸಾಹೇಬರು. ಹಿಂದೆ ದಾಳಿಂಬೆಯ ಜೊತೆ ಶಂಕರೆಪ್ಪ, ಅಮೋಘಸಿದ್ದಪ್ಪ, ಮತ್ತು ಹಿರಿಯರು ಕುಡಿಯಲೆಂದು ಒಂದು ದೊಡ್ಡ ಜಾರ್ ಫಿಲ್ಟರ್ ನೀರು.

ಸಪಾಟು ದಾರಿಯಲ್ಲಿ ಮುಳ್ಳು ಅರ್ಧದಲ್ಲಿತ್ತು. ಏರು ಶುರುವಾಯಿತು. ಮುಳ್ಳು ಎದ್ದು ಕೂತಿತು. ಇನ್ನಷ್ಟು ಏರು. ಮುಳ್ಳು ಎದ್ದು ನಿಂತಿತು. ರೂಪಾಲಿ ಹೀಟರ್ ಹಚ್ಚಿದಳು. ಇಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಂಡರೆ ಅದಕ್ಕೆ ಕೊಂಚ ಬಿಡುವು ಸಿಗುತ್ತದೆ ಎಂಬುದು ಆಕೆಗೆ ಗೊತ್ತಿದ್ದ ಕೊನೆಯ ಉಪಾಯ.

"ಇದೇನವ್ವಾ, ಒಲಿ ಮುಂದ ಕುಂತಂಗ ಆಗಾಕತ್ತೈತಿ?" ಸಾವಿತ್ರೆವ್ವ ಸೆರಗಿನಿಂದ ಬೀಸಿಕೊಂಡಳು.

"ಹೀಟರ್ ಹಚ್ಚೀನ್ರಿ ಅತ್ಯಾ."

"ಏಪ್ರಿಲ್‌ದಾಗ?"

"ಗಾಡಿಗಿ ಥಂಡಿ ಆಗೇತ್ರಿ," ಅಂದಳು ರೂಪಾಲಿ, ಹಲ್ಲು ಕಚ್ಚಿ. ಅಪ್ಪಾಸಾಹೇಬರು ಬೆವರು ಒರೆಸಿಕೊಳ್ಳಲಿಲ್ಲ. ಮುಳ್ಳನ್ನೇ ನೋಡುತ್ತಿದ್ದರು. ಅದು ಕೆಂಪು ಗೆರೆಗೆ ಮೂಗು ತಾಗಿಸಿದಾಗ ಅವರ ಮೀಸೆಯ ಕೆಳಗೆ ಒಂದು ನಗು ಹುಟ್ಟಿತು. ಕೈ ಉಡದಾರದ ಕಡೆ ಹೋಗಿ ಖಾಲಿ ಜಾಗವನ್ನು ಸವರಿತು.

ರೂಪಾಲಿ ಏರಿನ ನಡುವೆ ಬದಿಗೆ ತಗೊಂಡು ಇಂಜಿನ್ ಬಂದ್ ಮಾಡಿದಳು. ಬಾನೆಟ್ಟಿನ ನಾಲ್ಕೂ ಸಂದಿಯಿಂದ ಬಿಳಿ ಆವಿ ಎದ್ದು ಬಂತು. ಎಲ್ಲರೂ ಇಳಿದರು.

"ಕುದೀತು!" ಅನ್ನಲು ಅಪ್ಪಾಸಾಹೇಬರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು. ಎಡಗಡೆ ಅಕ್ಕ ನಿಂತಿದ್ದಳು. ಕುದಿಯಿತು ಅಂದರೆ ಭಾವನ ಹಸಿರು ಸುಳ್ಳಾಯಿತು. ಬಲಗಡೆ ಬೀಗರು ನಿಂತಿದ್ದರು. ಕುದಿಯಿತು ಅಂದರೆ ಅವರ ನೀಲಿ ಸುಳ್ಳಾಯಿತು, ಮಗಳೂ ಸುಳ್ಳಾದಳು. ಇಬ್ಬರೂ ಅವರ ಬಾಯನ್ನೇ ನೋಡುತ್ತಿದ್ದರು.

"ಹೊಗಿ ಅಲ್ಲ ಬಿಡ್ರಿ ಅದು," ಅಂದ ಶಂಕರೆಪ್ಪ ಮೊದಲು. "ಧೂಳು."

"ಬಿಳೀ ಧೂಳು," ಅಂದಳು ಸಾವಿತ್ರೆವ್ವ.

"ಮಂಜೂ ಇರಬಹುದ್ರಿ," ಅಂದರು ಅಮೋಘಸಿದ್ದಪ್ಪ ಮೆಲ್ಲಗೆ. "ಮುಂಜಾನಿ ಬಿದ್ದದ್ದು."

ಮಟ ಮಟ ಮಧ್ಯಾಹ್ನ. ಒಳಗೆ ಗುಳು ಗುಳು, ಬುಸ್ಸ್, ಗುಳು ಗುಳು ಎಂದು ಗಾಡಿ ತನ್ನ ಹೇಳಿಕೆ ಕೊಡುತ್ತಿತ್ತು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಒಬ್ಬ ಕುರುಬ ಆ ದಾರಿಯಲ್ಲಿ ಬಂದ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, "ಗಾಡಿ ಕುದ್ದೈತೇನ್ರಿ ಯಜಮಾನ್ರ?" ಅಂದ.

"ಇಲ್ಲ!" ನಾಲ್ಕು ದನಿ ಒಟ್ಟಿಗೆ ಬಂತು. ಕುರಿಗಳು ಬೆಚ್ಚಿದವು.

ಕುರುಬ ಆವಿಯನ್ನು ನೋಡಿದ, ನಾಲ್ವರನ್ನೂ ನೋಡಿದ. "ಹಂಗಾರ ಚಹಾ ಮಾಡಾಕತ್ತೀರಿ," ಅಂದು ಕುರಿಗಳ ಹಿಂದೆ ಹೋದ.

ರೂಪಾಲಿಗೆ ತಡೆಯಲಾಗಲಿಲ್ಲ. ಶರ್ತು ಸೋತದ್ದು ನಿಜ, ಸೋತವಳು ತಾನು. ಬೇರೆಯವರ ಸುಳ್ಳಿನಿಂದ ಗೆಲ್ಲುವುದು ಆಕೆಗೆ ಬೇಕಿರಲಿಲ್ಲ. "ಮಾಮಾ, ಕುದ್ದೈತ್ರಿ," ಅಂದಳು. "ಎರಡ ಜಾತಿ ಕೂಡ್ಸಬಾರದಿತ್ತು. ಗೊತ್ತಿದ್ದೂ ನಾನ..."

"ಬಾಯಿ ಮುಚ್ಚ!" ಗುಡುಗಿದರು ಅಪ್ಪಾಸಾಹೇಬರು. "ಕುದ್ದಿಲ್ಲ ಅಂದ್ರ ಕುದ್ದಿಲ್ಲ. ಹಿರೇರೆಲ್ಲ ಇಲ್ಲಂತಾರ, ನೀ ಬಂದಾಕಿ ದೊಡ್ಡ ಶ್ಯಾಣ್ಯಾಕಿ!"

"ನಿನಗೇನ ಗೊತ್ತ ಗಾಡಿ ವಿಷಯ?" ಅಂದ ಶಂಕರೆಪ್ಪ.

"ಅದು ಮಂಜು, ಅವ್ವಾ," ಅಂದರು ಅಪ್ಪ, ಬೇಡಿಕೊಳ್ಳುವ ಹಾಗೆ.

"ಮತ್ತ ಕೀಲಿ, ಅಪ್ಪಾಸಾಬಾ?" ಸಾವಿತ್ರೆವ್ವ ಸೊಂಟಕ್ಕೆ ಕೈ ಕೊಟ್ಟಳು. ಕುದಿಯದ ಗಾಡಿಗೆ ಕೊಡಬೇಕಾದ ಕೀಲಿ ಕೊಡದೆ ಹೋದರೆ ಕುದ್ದಂತೆಯೇ ಅಲ್ಲವೇ, ಹಸಿರಿಗೆ ಆದ ಅವಮಾನ ಅಲ್ಲವೇ? "ಮಾತ ಕೊಟ್ಟೀದಿ. ಮಂದಿ ಕೇಳ್ಯಾರ."

ಅಪ್ಪಾಸಾಹೇಬರು ಆವಿ ಬಿಡುತ್ತಿದ್ದ ಗಾಡಿಯ ಕಡೆ ಕೈ ತೋರಿಸಿ, ಮದುವೆಯ ಐದು ಟೋಪಿ ಹೊತ್ತಾಗಲೂ ಇಷ್ಟು ಬಾಗದ ಕುತ್ತಿಗೆ ಬಾಗಿಸಿ, "ಕೀಲಿ ಆಕೀದು," ಅಂದರು. "ಕಾಯಂ."

ಗಾಡಿ ತಣಿಯುವ ತನಕ ರೂಪಾಲಿ ಮುಚ್ಚಳ ಮುಟ್ಟಲಿಲ್ಲ. ಆಮೇಲೆ ತೂಬು ಬಿಚ್ಚಿದಳು. ಕೆಂಪೂ ಅಲ್ಲ, ಹಸಿರೂ ಅಲ್ಲ, ನೀಲಿಯೂ ಅಲ್ಲ. ಜೋಳದ ಅಂಬಲಿಗೆ ಬೆಲ್ಲ ಕದಡಿದಂಥ ಕಂದು ಲೋಳೆ ತುಂಡು ತುಂಡಾಗಿ ಬಿತ್ತು. ಸಮ ಸಮ ಹಾಕಿದ್ದರಿಂದ ಯಾರದು ಎಷ್ಟು ಎಂದು ಹೇಳುವಂತಿರಲಿಲ್ಲ. ಹಿರಿಯರೆಲ್ಲ ಆ ಹೊತ್ತಿಗೆ ಸರಿಯಾಗಿ ಆಕಾಶ ನೋಡುತ್ತಿದ್ದರು. ಜಾರಿನ ನೀರಿನಲ್ಲಿ ಒಮ್ಮೆ ತೊಳೆದು, ಉಳಿದದ್ದನ್ನು ಗಾಡಿಗೆ ತುಂಬಿ, ಇಂಜಿನ್ ಚಾಲೂ ಇಟ್ಟು ಗಾಳಿ ಬಿಡಿಸಿದಳು. ಹಿರಿಯರ ಗಂಟಲು ಒಣಗಿತ್ತು. ಗಾಡಿಗೆ ನೀರು ಯಾಕೆ ಬೇಕಾಯಿತು ಎಂದು ಯಾರೂ ಕೇಳಲಿಲ್ಲ, ತಮಗೆ ಬೇಕು ಎಂದೂ ಕೇಳಲಿಲ್ಲ.

ಯಳವಿಯಲ್ಲಿ ಅಪ್ಪ ಇಳಿದರು. ಕಟ್ಟೆಯ ಮೇಲಿದ್ದವರಿಗೆಲ್ಲ ಸ್ಟೇರಿಂಗ್ ಹಿಡಿದ ಮಗಳು ಕಾಣಲೆಂದು ಗಾಡಿಯನ್ನು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಮಾಡಿಸಿದರು. ಆಟಪಾಡಿಯಲ್ಲಿ ಮುಖ್ಯ ಹರಾಜು ಮುಗಿದಿತ್ತು. ಉಳಿದ ವ್ಯಾಪಾರಿಗಳು ಹಣ್ಣು ಚಲೋ ಇದೆ ಎಂದು ಕೊಂಡರು. ಮಗಳ ಮನೆಯ ಬಾಗಿಲಲ್ಲಿ ಇಳಿದ ಶಂಕರೆಪ್ಪ ಅಳಿಯನಿಗೆ ಮೊದಲು ಹೇಳಿದ್ದೇ, "ನನ್ನ ಹಸಿರ ಹಾಕಿದಮ್ಯಾಲ ಗಾಡಿ ಒಮ್ಮಿನೂ ಕುದಿಲಿಲ್ಲ ನೋಡ್ರಿ." ಅಳಿಯ ಅಲ್ಲೇ ಒಂದು ಡಬ್ಬಿಗೆ ಫೋನು ಮಾಡಿದ.

ವಾಪಸ್ ಬರುವಾಗ ಮುಂದೆ ಇಬ್ಬರೇ. ಅಕ್ಕ ಇಲ್ಲ, ಬೀಗರಿಲ್ಲ. ಬಿಸಿಲು ಇಳಿದಿತ್ತು, ಗಾಡಿ ಖಾಲಿ ಇತ್ತು, ಮುಳ್ಳು ಅರ್ಧದಲ್ಲಿತ್ತು. ಅಪ್ಪಾಸಾಹೇಬರು ಕತ್ತು ತಿರುಗಿಸಿ ಖಾಲಿ ಹಿಂಬದಿಯನ್ನೊಮ್ಮೆ ನೋಡಿಕೊಂಡರು.

"ರೂಪಾಲಿ," ಅಂದರು. "ಈಗ ಯಾರೂ ಇಲ್ಲ. ಖರೇ ಹೇಳು. ಕುದ್ದಿತ್ತ ಹೌದಲ್ಲ?"

"ಹೌದ್ರಿ ಮಾಮಾ. ಚಲೋತಂಗ ಕುದ್ದಿತ್ತು."

"ಅಂದ್ರ ಶರ್ತ ನಾ ಗೆದ್ದಂಗ."

"ಹೌದ್ರಿ."

ಅಪ್ಪಾಸಾಹೇಬರು ಮೀಸೆ ಸವರಿಕೊಂಡರು. ಆಮೇಲೆ ಸ್ಟೇರಿಂಗಿನ ಪಕ್ಕದಲ್ಲಿ ತೂಗುತ್ತಿದ್ದ ಕೀಲಿಯ ಗೊಂಚಲಿನ ಕಡೆ ನಿಧಾನ ಕೈ ಚಾಚಿದರು. "ಹಂಗಾರ ಕೀಲಿ..."

"ಗಾಡಿ ಓಡೂಮುಂದ ಕೀಲಿ ತಗೀಬಾರದ್ರಿ ಮಾಮಾ," ಅಂದಳು ರೂಪಾಲಿ, ರಸ್ತೆಯಿಂದ ಕಣ್ಣು ತೆಗೆಯದೆ. "ಸ್ಟೇರಿಂಗ್ ಲಾಕ್ ಆಗ್ತೈತಿ."

ಅಪ್ಪಾಸಾಹೇಬರು ಕೈ ಹಿಂದಕ್ಕೆ ತೆಗೆದುಕೊಂಡರು. ಸೊಸೆ ಗೇರು ಬದಲಿಸಿದಳು. ಸನಮಡಿಯ ತನಕ ಆಕೆ ಎಲ್ಲಿಯೂ ಗಾಡಿ ನಿಲ್ಲಿಸಲಿಲ್ಲ. ಅಂಗಳದಲ್ಲಿ ಹಾಲು ಹಾಕಲು ಬಂದ ಮಂದಿ ಶರ್ತಿನ ಸುದ್ದಿಗಾಗಿ ಕಾಯುತ್ತ ನಿಂತಿದ್ದರು.